ಒಳಮಗ್ಗುಲು ನೋಡುವ ಅತ್ತಿಗೆ

ನನ್ನ ಅತ್ತಿಗೆ ಯಾರನ್ನು ಕಂಡರೂ ಮೊದಲು ಅವರ ಕಾಲರನ್ನು ಮಗುಚಿ ನೋಡುತ್ತಾಳೆ, ಮುಖ ಆಮೇಲೆ. ಇಪ್ಪತ್ತೆರಡು ವರ್ಷ ಹೊಲಿಗೆಯಂತ್ರದ ಮುಂದೆ ಬಾಗಿ ಕೂತು ಬಲಭುಜ ಕೊಂಚ ಇಳಿದಿರುವ, ನಡೆಯುವಾಗಲೂ ಬಲಗಾಲು ಅದೃಶ್ಯವಾದ ಪೆಡಲೊಂದನ್ನು ಒತ್ತುತ್ತಿದೆಯೇನೋ ಎನಿಸುವ ಈ ಮಹಾರಾಯ್ತಿ, ನನ್ನ ಮದುವೆಯ ದಿನವೇ ಹೊಸ ಕೋಟಿನ ಒಳಬಟ್ಟೆಯನ್ನು ಎಳೆದು ನೋಡಿ, "ಮೇಲೆ ಥಳುಕು, ಒಳಗೆ ಹುಳುಕು. ಬಿಚ್ಚು, ಐದು ನಿಮಿಷ ಸಾಕು" ಎಂದು ಬೀಗರೆದುರಿಗೇ ಅದನ್ನು ಬಿಚ್ಚಿಸಿದ್ದಳು.

ಸಿದ್ಧ ಉಡುಪಿನ ಭರಾಟೆಯಲ್ಲಿ ಹೊಲಿಗೆ ಅಂಗಡಿ ಮುಚ್ಚಿದ ಮೇಲೆ, ನಲವತ್ತಮೂರರ ಪ್ರಾಯದಲ್ಲಿ, ವೆಲ್ಡಿಂಗ್ ತರಬೇತಿಗೆ ಸೇರಿದಳು. ಆರು ತಿಂಗಳ ಪಾಠ, ಕೊನೆಗೆ ಒಂದೇ ಒಂದು ಪರೀಕ್ಷೆ. ತೇರ್ಗಡೆಯಾದರೆ ನೀರಿನ ಟ್ಯಾಂಕುಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ, ಇಲ್ಲವಾದರೆ ಬಂದ ದಾರಿಗೆ ಸುಂಕವಿಲ್ಲ. "ಈ ವಯಸ್ಸಲ್ಲಿ ಬೆಂಕಿ ಜತೆ ಸರಸ ಯಾಕೆ?" ಎಂದು ಅಣ್ಣ ಗೊಣಗಿದ್ದಕ್ಕೆ, "ಎರಡು ತುಂಡು ಸೇರಿಸೋದು ತಾನೆ? ಬಟ್ಟೆ ಆದ್ರೇನು, ಕಬ್ಬಿಣ ಆದ್ರೇನು" ಎಂದಳಂತೆ.

ಕಬ್ಬಿಣ ಅಷ್ಟು ಸುಲಭಕ್ಕೆ ಒಗ್ಗಲಿಲ್ಲ. ಎರಡು ಪ್ಲೇಟುಗಳನ್ನು ಬೆಸೆಯುವ ಮುನ್ನ ಅವು ಕದಲದಂತೆ ಅಲ್ಲಲ್ಲಿ ಚುಕ್ಕೆಯಷ್ಟು ಬೆಸುಗೆ ಹಾಕುತ್ತಾರೆ. ಅತ್ತಿಗೆಯೋ, ಸೂಜಿ ತಲುಪುವ ಮುಂಚೆ ಗುಂಡುಸೂಜಿ ಕೀಳುವ ಅಭ್ಯಾಸಬಲದಿಂದ, ಅರ್ಧ ದಾರಿಯಲ್ಲಿ ನಿಲ್ಲಿಸಿ ಮುಂದಿನ ಚುಕ್ಕೆಗಳನ್ನೆಲ್ಲ ಗ್ರೈಂಡರಿನಿಂದ ಉಜ್ಜಿ ತೆಗೆದಳು. ಮತ್ತೆ ಬೆಸುಗೆಯ ರಾಡು ತಾಗಿಸಿದ್ದೇ ತಡ, ಕಾದ ಪ್ಲೇಟುಗಳು ಕತ್ತರಿಯ ಬಾಯಂತೆ ಅಗಲಿದವು. ಮಾಸ್ತರರು ಹಣೆ ಹಣೆ ಚಚ್ಚಿಕೊಂಡರು: "ಏನಮ್ಮಾ ಇದು, ಕಬ್ಬಿಣಕ್ಕೂ ಗುಂಡುಸೂಜಿನಾ?" ಇಡೀ ಶೆಡ್ಡೇ ನಕ್ಕಿತು, ಎಲ್ಲರಿಗಿಂತ ಜೋರಾಗಿ ನಕ್ಕವಳು ಅತ್ತಿಗೆ.

ಪರೀಕ್ಷೆಯ ದಿನ ಕುತೂಹಲ ತಡೆಯಲಾರದೆ ನಾನೂ ಹೋಗಿ ಶೆಡ್ಡಿನ ಜಾಲರಿಯಾಚೆ ನಿಂತೆ. ಗಡುವಿಗೆ ಇಪ್ಪತ್ತು ನಿಮಿಷ ಇರುವಾಗಲೇ ಅವಳ ಬೆಸುಗೆ ಮುಗಿದಿತ್ತು. ನೇರವಾಗಿ, ನುಣುಪಾಗಿ, ನೋಡಿದವರು ತಲೆದೂಗುವಂತಿತ್ತು. ಒಪ್ಪಿಸಿದ್ದರೆ ಮುಗಿಯುತ್ತಿತ್ತು. ಅವಳು ಇಕ್ಕಳದಿಂದ ಪ್ಲೇಟನ್ನು ಮಗುಚಿದಳು. ಹಿಂಬದಿಯಲ್ಲಿ ಎರಡು ಬೆರಳಗಲ ಲೋಹ ತಳಕ್ಕೆ ಇಳಿದೇ ಇರಲಿಲ್ಲ. "ಬಿಚ್ಚಿ ಹೊಲೀಬೇಕು" ಎಂದು ತನಗೆ ತಾನೇ ಹೇಳಿಕೊಂಡು, ಆ ಚಂದದ ಬೆಸುಗೆಯ ನಟ್ಟನಡುವೆ ಗ್ರೈಂಡರ್ ಇಟ್ಟಳು. "ಅಯ್ಯೋ, ತೂತು ಬಿದ್ರೆ ಗೋವಿಂದ!" ಎಂದರು ಪಕ್ಕದ ಅಭ್ಯರ್ಥಿ. ಅತ್ತಿಗೆಗೆ ಕಿವಿಯೇ ಇದ್ದಂತಿರಲಿಲ್ಲ. ತಳದವರೆಗೆ ಕೊರೆದು, ಮುಖಕವಚ ಇಳಿಸಿ, ಮತ್ತೆ ತುಂಬಿದಳು. ಗಂಟೆ ಬಾರಿಸಿದಾಗ ಪ್ಲೇಟು ಇನ್ನೂ ಕೆಂಪಗಿತ್ತು.

ಪರೀಕ್ಷಕರು ಕಟ್ಟುನಿಟ್ಟಿನ ಮನುಷ್ಯ. ತೇಪೆ ಹಾಕಿದ ಆ ಎರಡು ಬೆರಳ ಜಾಗದಿಂದಲೇ ಪಟ್ಟಿ ಕತ್ತರಿಸಿ, ಹಿಂಬದಿ ಹೊರಮುಖವಾಗುವಂತೆ, ಬಾಗಿಸಿ ಪರೀಕ್ಷಿಸುವ ಒತ್ತುಯಂತ್ರಕ್ಕೆ ಕೊಟ್ಟರು. ಒಂದು ಕೂದಲೆಳೆಯ ಬಿರುಕು ಕಂಡರೂ ಆರು ತಿಂಗಳು ನೀರಿನಲ್ಲಿ ಹೋಮ. ಪಟ್ಟಿ ಬಾಗಿತು, ಇನ್ನಷ್ಟು ಬಾಗಿತು, ಕೊನೆಗೆ ಕುದುರೆಲಾಳದಂತೆ ಮಡಿಚಿಕೊಂಡಿತು. ಬಿರುಕಿರಲಿಲ್ಲ. ಮಾಸ್ತರರು ಚಪ್ಪಾಳೆ ತಟ್ಟಿಯೇಬಿಟ್ಟರು. ಅತ್ತಿಗೆ ಮಾತ್ರ ಅದರ ಹೊರಮೈ ಮೇಲೆ ಹೆಬ್ಬೆರಳು ಓಡಿಸಿ, ಒಳಮಗ್ಗುಲನ್ನೂ ಇಣುಕಿ ನೋಡಿ, "ಪರವಾಗಿಲ್ಲ, ತೊಡಬಹುದು" ಎಂದಳು. ಆ ಕಣ್ಣುಗಳಲ್ಲಿ ನೀರು ತುಂಬಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಇಂಥವರ ಜತೆ ಬಾಳುವುದು ಸುಲಭವಲ್ಲ. ಅವರೆದುರು ನಮ್ಮ ಅರೆಬರೆ ಕೆಲಸಗಳೆಲ್ಲ ಬೆತ್ತಲಾಗುತ್ತವೆ. ಆದರೂ ನಾವು ನಿಶ್ಚಿಂತೆಯಿಂದ ಏಣಿ ಹತ್ತುವುದು, ಸೇತುವೆ ದಾಟುವುದು, ಕಂಬಿಗೆ ಒರಗಿ ಹರಟುವುದು, ನಾವೆಂದೂ ನೋಡದ ಆ ಇನ್ನೊಂದು ಮಗ್ಗುಲನ್ನು ಯಾರೂ ಕೇಳದಿದ್ದರೂ ಮಗುಚಿ ನೋಡುವವರು ಲೋಕದಲ್ಲಿ ಇನ್ನೂ ಇರುವುದರಿಂದಲೇ.