ಐದು ಬೆರಳಿನ ಕೂಸು

ಬೆಳಗಿನಿಂದ ಲೆಬ್ರೀಜ್ ಮೂರು ಸಲ ಬಾಯಿ ತೆರೆದು ಹಲ್ಲು ತೋರಿಸಿದ್ದಳು. ಜಡೆ ಬಿಚ್ಚಿಸಿ ಕೂದಲು ಎಳೆದು ನೋಡಿದರು. ಕುಂಟುತ್ತಾಳೋ ಎಂದು ಪಡಸಾಲೆಯುದ್ದಕ್ಕೂ ನಡೆಸಿದರು. ಸಂತೆಯ ಎಮ್ಮೆಗೂ ಇಷ್ಟು ಪರೀಕ್ಷೆ ಇರಲಿಕ್ಕಿಲ್ಲ. ಏಳನೆಯ ವಯಸ್ಸಿಗೆ ಕಡಲಾಚೆಯ ಚೆರ್ಕೆಸ್ ಬೆಟ್ಟಗಳಿಂದ ಇಸ್ತಾಂಬುಲ್ಲಿಗೆ ಹಡಗಿನಲ್ಲಿ ಬಂದ ದಾಸಿ ಹೆಣ್ಣು. ಈ ಹೆಸರು ಕೂಡ ಕೊಂಡವರು ಇಟ್ಟದ್ದು.

ಮಾರಲು ಕರೆತಂದವಳು ಒಡತಿ ನಾಜಿರೆ. ಕೊಳ್ಳುವವಳು ಈ ಮನೆಯ ಯಜಮಾನಿ ಮೆಹ್‌ಪಾರೆ, ಕೈಯಿಂದ ಜಪಮಾಲೆ ಇಳಿಸದ ದೊಡ್ಡ ಭಕ್ತೆ. ನೋಡಲೆಂದು ನೆರೆಯ ನಾಲ್ವರು ಹೆಂಗಸರೂ ಬಂದು ಕಾಫಿ ಹೀರುತ್ತಿದ್ದರು.

ಎರಡು ತಿಂಗಳ ಹಿಂದೆ ನಾಜಿರೆ ಇವಳ ಮೂಗು ಹಿಡಿದು ಕಷಾಯ ಕುಡಿಸಿ, ತನ್ನ ಗಂಡನಿಂದ ಇವಳಿಗಾದ ಬಸಿರನ್ನು ಇಳಿಸಿದ್ದಳು. ಲೆಬ್ರೀಜ್ ಅತ್ತಿರಲಿಲ್ಲ. ಅತ್ತರೆ ಸಿಟ್ಟು ಕರಗಿಹೋದೀತೆಂದು ಹಲ್ಲು ಕಚ್ಚಿಕೊಂಡಿದ್ದಳು.

"ಕಾಯಿಲೆ ಕಸಾಲೆ ಏನಾದ್ರೂ ಇದ್ಯೇನೇ?" ಮೆಹ್‌ಪಾರೆ ಕೇಳಿದಳು.

"ಇಲ್ಲ ಅಮ್ಮಾವ್ರೇ. ಬಸುರಿ ಅಷ್ಟೇ. ನಮ್ಮ ಯಜಮಾನ್ರದು. ಮುಚ್ಚಿಟ್ಟು ನಿಮ್ಮ ತಲೆಗೆ ಕಟ್ತಿದಾರೆ."

ನಾಲ್ಕು ಜನರೆದುರು ಮೋಸಗಾತಿ ಎನಿಸಿಕೊಳ್ಳುವುದನ್ನು ನಾಜಿರೆ ಸಹಿಸಲಾರಳು. ಎಂಟು ವರ್ಷ ಕಾಲೊತ್ತಿದವಳಿಗೆ ಅದು ಗೊತ್ತಿರದೆ ಇರುತ್ತದೆಯೇ?

"ಸುಳ್ಳು ಬೊಗಳ್ತಾಳೆ! ಹೊಟ್ಟೇಲಿ ಏನೂ ಇಲ್ಲ. ಕಷಾಯ ಕುಡಿಸಿ ಇಳಿಸಿದವಳೇ ನಾನು!"

"ಏನು ಇಳೀತು ಅಮ್ಮಾವ್ರೇ? ಬರೀ ರಕ್ತ ನೋಡಿರ್ತೀರಿ."

"ಏನೇ ರಕ್ತ? ಐದು ಬೆರಳೂ ಮೂಡಿತ್ತು ಕಣೇ! ಕಣ್ಣಾರೆ ಕಂಡಿದೀನಿ!"

ನಾಜಿರೆ ಮುಸುಕಿನಂಚಿನಿಂದ ಬಾಯಿ ಮುಚ್ಚಿಕೊಂಡಳು. ಆದರೆ ಮಾತು ಆಗಲೇ ಹೊರಬಿದ್ದಿತ್ತು.

ಮೆಹ್‌ಪಾರೆ ನಿಧಾನವಾಗಿ ಹೇಳಿದಳು. "ಬೆರಳು ಮೂಡಿತ್ತು ಅಂದ್ಮೇಲೆ ಇವಳು ತಾಯಿ. ಒಡೆಯನ ಕೂಸಿಗೆ ತಾಯಾದವಳನ್ನ ಮಾರೋ ಹಾಗಿಲ್ಲ. ಅವನು ಸತ್ತ ದಿನ ಇವಳಿಗೆ ಬಿಡುಗಡೆ. ಧರ್ಮ ಹೇಳೋದು ಅದನ್ನೇ."

"ನಮ್ಮೆಜಮಾನ್ರು ನಂದಲ್ಲ ಅಂತಾರೆ!" ನಾಜಿರೆ ಕಿರುಚಿದಳು.

"ಅನ್ಲಿ," ಎಂದಳು ಲೆಬ್ರೀಜ್. ಅವಳಿಗೆ ನಗು ಬರುತ್ತಿತ್ತು. "ಖಾಜಿ ಮುಂದೆ ನಿಂತು ಅನ್ಲಿ. ಎಲ್ಲಿ ಹೂಳ್ಸಿದ್ರಿ ಅಂತ ನಂಗೊತ್ತು. ಅಗೆಸ್ತೀನಿ. ಈ ನಾಲ್ಕು ಜನ ಅಮ್ಮಂದಿರು ಸಾಕ್ಷಿ."

"ಭೇಷ್! ದೇವರು ನ್ಯಾಯ ಬಿಡೋನಲ್ಲ," ಎಂದು ಮೆಹ್‌ಪಾರೆ ಜಪಮಾಲೆ ಕಣ್ಣಿಗೊತ್ತಿಕೊಂಡಳು.

ಆಗ ಕಾಫಿ ಕೊಡುತ್ತಿದ್ದ ದಾಸಿ, ಮೂವತ್ತು ದಾಟಿದ ಚೆರ್ಕೆಸ್ ಹೆಂಗಸು, ತಟ್ಟೆಯನ್ನು ನೆಲದ ಮೇಲಿಟ್ಟಳು. ಆ ಮನೆಯಲ್ಲಿ ಅವಳ ದನಿಯನ್ನು ಯಾರೂ ಕೇಳಿದ್ದೇ ಕಡಿಮೆ.

"ಖಾಜಿ ಹತ್ರ ನಾನೂ ಬರ್ತೀನಿ ತಂಗೀ," ಎಂದಳು. "ಈ ಮನೆ ಹಿತ್ತಲಲ್ಲಿ ನನ್ನವೂ ಎರಡಿವೆ."