‘ನೆರಳುದಳ-2’ರ ಕೊನೆ ಅನ್ನದಾನಮ್ಮನಿಗೆ ಗೊತ್ತು

1

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೋ ನನಗೆ ಗೊತ್ತಿಲ್ಲ. ಕೊನೆಯಿಂದ ಶುರು ಮಾಡುವ ಹಾಗಿಲ್ಲ ಎನ್ನುವುದಷ್ಟೇ ಗೊತ್ತು, ಯಾಕೆಂದರೆ ಕೊನೆ ನನ್ನ ಹತ್ತಿರ ಇಲ್ಲ. ಅದು ಅನ್ನದಾನಮ್ಮನ ಹತ್ತಿರ ಇದೆ. ಆಕೆ ಕೊಡುತ್ತಿಲ್ಲ.

ಸ್ಪೈ ಸಿನಿಮಾದ ವಿಷಯ ಅಲ್ಲವೇ, ಗುಂಡಿನ ಸದ್ದಿನಿಂದ ಶುರು ಮಾಡೋಣ ಅಂತ "ಢಂ!" ಎಂದು ಬರೆದು ನೋಡಿದೆ. ಬರೆದ ಮೇಲೆ ಗುಂಡು ಯಾರಿಗೆ ಬಿತ್ತು ಅಂತ ಹೇಳಬೇಕಾಯಿತು. ನನ್ನ ಕಥೆಯಲ್ಲಿ ಇರುವವರೆಲ್ಲ ಪಾಪದವರು, ಯಾರಿಗೂ ಹೊಡೆಯುವ ಮನಸ್ಸಾಗಲಿಲ್ಲ. ಅಳಿಸಿದೆ.

1 (ಮತ್ತೆ)

ಹಗರಿಬೊಮ್ಮನಹಳ್ಳಿಯ ಒಂದು ವಾರಪತ್ರಿಕೆಯವರು ಫೋನ್ ಮಾಡಿ, "‘ನೆರಳುದಳ-2’ ನೋಡಿದ ಪ್ರೇಕ್ಷಕರ ಅಭಿಪ್ರಾಯ ಸಂಗ್ರಹಿಸಿ ಕೊಡಿ" ಎಂದರು. (ನಾನು ಕಥೆಗಾರ ಅಂತ ಅವರಿಗೆ ಗೊತ್ತು. ಆದರೂ ಕಥೆ ಕೊಡಿ ಅಂತ ಇವತ್ತಿನವರೆಗೆ ಕೇಳಿಲ್ಲ.)

ಸಿನಿಮಾ ಸುಲಭ. ಏಜೆಂಟ್ ಭಾರ್ಗವ ಅಂತ ಒಬ್ಬ, ಏಜೆಂಟ್ ತಾರಾ ಅಂತ ಒಬ್ಬಳು. ಇಬ್ಬರೂ ಸೇರಿ ದೇಶ ಉಳಿಸುತ್ತಾರೆ, ಬಿಡುವಾದಾಗ ಹಾಡುತ್ತಾರೆ. ಕೊಟ್ಟೂರಿನ ಟಾಕೀಸಿನಲ್ಲಿ ಮ್ಯಾಟ್ನಿ ಆಟಕ್ಕೆ ನಮ್ಮೂರಿನ ಒಂದು ದಂಡೇ ಹೋಗಿ ನೋಡಿ ಬಂದಿತ್ತು. ದಂಡಿನಲ್ಲಿ ನಾನೂ ಇದ್ದೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ನಮ್ಮೂರಿಗೆ ಬರುವ ಕೊನೆಯ ಬಸ್ಸು ಹೊಸಹಳ್ಳಿ ಬಸ್ಸು. ಅದು ಕೊಟ್ಟೂರು ಬಿಡುವುದು ಮ್ಯಾಟ್ನಿ ಮುಗಿಯುವುದಕ್ಕಿಂತ ಸುಮಾರು ಅರ್ಧ ಗಂಟೆ ಮೊದಲು. ಹೀಗಾಗಿ ನಮ್ಮೂರಿನಲ್ಲಿ ಯಾರೂ ಯಾವ ಸಿನಿಮಾದ ಕೊನೆಯನ್ನೂ ನೋಡಿಲ್ಲ. ಬೈಕ್ ಇರುವ ಹುಡುಗರು ದಾವಣಗೆರೆಗೆ ಹೋಗಿ ಪೂರ್ತಿ ನೋಡಿಬರುತ್ತಾರೆ ನಿಜ, ಆದರೆ ಅವರ ಮಾತನ್ನು ಊರು ಲೆಕ್ಕಕ್ಕೆ ಹಿಡಿಯುವುದಿಲ್ಲ. ದಾವಣಗೆರೆಯಲ್ಲಿ ತೋರಿಸುವುದು ಬೇರೆ ಸಿನಿಮಾ ಎಂದೇ ನಮ್ಮವರ ನಂಬಿಕೆ.

2

ಅಭಿಪ್ರಾಯಗಳು, ಸಿಕ್ಕ ಹಾಗೆ:

ಕುರಿ ಸಾಕುವ ಮೈಲಪ್ಪ: "ಹೀರೋ ಓಡೋದು ಚಲೋ ಓಡ್ತಾನ್ರಿ. ಆದ್ರ ಅಷ್ಟು ಓಡಿದ್ರೂ ಒಂದು ಗುಟುಕು ನೀರು ಕುಡಿಯಂಗಿಲ್ಲ. ನೋಡಿ ನೋಡಿ ನನಗ ಗಂಟಲು ಒಣಗಿತು." ಕೊನೆ ಹೇಗಿತ್ತು? "ಚಲೋ ಐತಿ. ತಾರಾ ಬದುಕ್ತಾಳ." ನೀವು ನೋಡಿದಿರಾ? "ನೋಡೋದೇನೈತಿ, ಮಾರಿ ನೋಡಿದ್ರ ಗೊತ್ತಾಗಂಗಿಲ್ಲೇನು, ಬದುಕಾಕಿ ಅಂತ?"

ಕೊಟ್ಟೂರಿನಲ್ಲಿ ಡಿಗ್ರಿ ಓದುವ ಸುಕನ್ಯಾ: "ಫಸ್ಟ್ ಹಾಫ್ ಸ್ವಲ್ಪ ಲ್ಯಾಗ್ ಐತ್ರಿ ಸರ್. ಸೆಕೆಂಡ್ ಹಾಫ್ ಬೆಂಕಿ. ಮ್ಯೂಸಿಕ್ಕಂತೂ ನೆಕ್ಸ್ಟ್ ಲೆವೆಲ್." ಕ್ಲೈಮ್ಯಾಕ್ಸ್? "ಅದನ್ನ ಹೇಳಿದ್ರ ಸ್ಪಾಯ್ಲರ್ ಆಗ್ತೈತಿ ಸರ್." (ಆಕೆ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲೇ ಕೂತಿದ್ದಳು. ನಾನು ಅದನ್ನು ಎತ್ತಲಿಲ್ಲ. ಆಕೆ ಕೂಡ ನನ್ನ ವಿಷಯ ಎತ್ತಲಿಲ್ಲ.)

ಕಿರಾಣಿ ಅಂಗಡಿಯ ಬೆನಕಪ್ಪ: "ಸಿನಿಮಾ ಉದ್ದಾತು. ಬಸ್ಸಿನ ಟೈಮ್ ಕೇಳಿ ತೆಗೀಬೇಕಿತ್ತು." ಅಷ್ಟಕ್ಕೆ ನಿಲ್ಲಿಸದೆ ಅವರು ಒಂದು ಸಿದ್ಧಾಂತವನ್ನೂ ಹೇಳಿದರು. "ಮೊದಲನೇ ಭಾಗದಾಗ ತಾರಾ ಸೇತುವಿಗೆ ಜೋತುಬಿದ್ದಾಗ ನಾವು ಬಸ್ಸಿಗೆ ಬಂದ್ವಿ. ಎರಡನೇದರ ಶುರುವಿಗೇ ಆಕಿ ಹೊಳ್ಯಾಗ ಬಿದ್ದದ್ದು ತೋರಿಸಿದ್ರು. ಅಂದ್ರ ಎರಡನೇ ಭಾಗ ತೆಗಿಯೋದು ಯಾಕ? ನಮ್ಮಂಥೋರು ಬಿಟ್ಟುಬಂದದ್ದನ್ನ ತೋರಿಸಾಕ. ಇದರ ಕೊನಿ ಮೂರನೇದರಾಗ ಬರತೈತಿ. ಅವಸರ ಯಾಕ?"

ಟಾಕೀಸಿನ ಗೋಡೆಗೆ ಒತ್ತಿ ಮಿರ್ಚಿ ಬಂಡಿ ನಿಲ್ಲಿಸುವ ನಾಗೇಂದ್ರಪ್ಪ: "ನಾ ನೋಡಿಲ್ರಿ, ಕೇಳೀನಿ. ದಿನಾ ಕೇಳ್ತೀನಿ. ಕೊನಿಗೆ ಒಂದು ಗುಂಡು ಹಾರತೈತಿ. ಆಮ್ಯಾಲೆ ಎಲ್ಲಾ ಸುಮ್ಮ. ಆಮ್ಯಾಲೆ ಒಬ್ಬಾಕಿ ಹೆಣ್ಮಗಳು ನಗತಾಳ." ಯಾರು ನಗುವುದು? ತಾರಾನೇ? "ಗ್ವಾಡಿಗೆ ಕಿವಿ ಇರತಾವ್ರಿ. ಕಣ್ಣು ಇರಂಗಿಲ್ಲ."

3

ಬೆನಕಪ್ಪನವರ ಹೆಂಡತಿ ಅನ್ನದಾನಮ್ಮನನ್ನು ಕೇಳಿದಾಗಲೇ ನನ್ನ ಲೇಖನ ಕೆಟ್ಟು ಕಥೆಯಾಗಿದ್ದು. ಆಕೆ ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಕೂತು ಕಡಲೆ ಆರಿಸುತ್ತಿದ್ದರು.

"ನನ್ನ ಅಭಿಪ್ರಾಯ ಬರಕೋಬ್ಯಾಡ ತಮ್ಮಾ," ಎಂದರು. "ಅರ್ಧ ಊಟಕ್ಕೆ ಎದ್ದಾಕಿನ್ನ ಅಡಿಗಿ ಹ್ಯಾಂಗಿತ್ತು ಅಂತ ಕೇಳಬಾರದು."

ನಾನು ನಕ್ಕೆ. ಆಕೆ ನಗಲಿಲ್ಲ.

"ಈ ಮನಿಗೆ ಬಂದಾಗಿಂದ ಒಂದು ಸಿನಿಮಾದ ಕೊನಿ ನೋಡಿಲ್ಲ ನಾನು. ಎಷ್ಟು ಮಂದಿ ಮದುವಿ ಆಗೋದು ತಪ್ಪಿಸಿಕೊಂಡೀನಿ. ಎಷ್ಟು ಕಳ್ಳರು ಸಿಗೋದು ತಪ್ಪಿಸಿಕೊಂಡೀನಿ. ಎಲ್ಲಾರೂ ನನ್ನ ತಲ್ಯಾಗ ಹಂಗ ನಿಂತಾರ. ಒಬ್ಬ ಗುಡ್ಡದ ತುದಿಗೆ ಜೋತುಬಿದ್ದಾನ, ಇಪ್ಪತ್ತು ವರ್ಷಾತು, ಇನ್ನೂ ಅಲ್ಲೇ ಅದಾನ. ಅವನ ಕೈ ಎಷ್ಟು ನೋಯಬಾರದು?"

ಒಳಗಿನಿಂದ ಸೊಸೆ ಭಾಗ್ಯ, "ಅತ್ತಿ, ಸ್ವಲ್ಪ ದಿನ ತಡೀರಿ, ಫೋನಿನ್ಯಾಗ ಬರತೈತಿ, ಪೂರ್ತಿ ತೋರಿಸ್ತೀನಿ" ಎಂದಳು.

"ಅದು ನೋಡೋದಲ್ಲವಾ, ಇಣುಕೋದು. ನನಗ ಪರದಿ ಮ್ಯಾಲೆ ಬೇಕು. ಮಂದಿ ಸಂಗಾಟ ಕುಂತು, ಲೈಟು ಹತ್ತೋತನಕ ನೋಡಬೇಕು. ಸೋಮವಾರ ಮತ್ತ ಹೋಗ್ತೀನಿ. ಈ ಸಲ ಏಳಂಗಿಲ್ಲ."

ಅಂಗಡಿಯಿಂದ ಬೆನಕಪ್ಪನವರು, "ಬಸ್ಸು?" ಎಂದರು.

"ಹೋದ್ರ ಹೋಗ್ಲಿ."

ತಕ್ಕಡಿಯಲ್ಲಿ ಸಕ್ಕರೆ ಸುರಿಯುತ್ತಿದ್ದ ಸದ್ದು ನಿಂತಿತು. ಆ ಮನೆಯಲ್ಲಿ ಅಂಥ ಮಾತು ಯಾರೂ ಆಡಿದ್ದಿಲ್ಲ.

(ಬೆನಕಪ್ಪನವರನ್ನು ಖಳನಾಯಕ ಅಂತ ತಿಳಿಯಬೇಡಿ. ಅವರ ಮದುವೆಯ ದಿನ ದಿಬ್ಬಣದ ಬಸ್ಸು ತಪ್ಪಿಹೋಗಿ, ಮುಹೂರ್ತ ಮೀರಿದ ಮೇಲೆ ಎತ್ತಿನ ಗಾಡಿಯಲ್ಲಿ ಹರಪನಹಳ್ಳಿ ಮುಟ್ಟಿದ್ದರು. ಅವತ್ತು ಆದ ಅವಮಾನಕ್ಕೆ, ಆಮೇಲೆ ಬಾಳಿನಲ್ಲಿ ಒಂದು ಬಸ್ಸನ್ನೂ ತಪ್ಪಿಸಿಕೊಂಡಿಲ್ಲ. ಎಲ್ಲರಿಗಿಂತ ಮೊದಲು ನಿಲ್ದಾಣಕ್ಕೆ ಹೋಗಿ, ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆದರೇನೇ ಅವರಿಗೆ ಉಸಿರು ಬರುವುದು.)

5

ನಾಲ್ಕನೆಯದನ್ನು ಹರಿದುಹಾಕಿದ್ದೇನೆ. ಅದರಲ್ಲಿ ನಾನು ಜಾಗತೀಕರಣದ ಬಗ್ಗೆ ಬರೆದಿದ್ದೆ.

ಸೋಮವಾರ ಮೂವರೂ ಹೋದೆವು: ಅನ್ನದಾನಮ್ಮ, ಬೆನಕಪ್ಪ, ನಾನು. ಮುಂದೆ ಏನಾಗುತ್ತದೆ ಅಂತ ನಾನು ಮೊದಲೇ ಮೂರು ಥರ ಬರೆದಿಟ್ಟುಕೊಂಡಿದ್ದೆ.

ಮೊದಲನೆಯ ಥರ: ಈ ಭಾಗದಲ್ಲೂ ಇರುವ ಸೇತುವೆಯ ದೃಶ್ಯ ಬರುತ್ತದೆ. ಬೆನಕಪ್ಪ "ಏಳು" ಅನ್ನುತ್ತಾರೆ. ಅನ್ನದಾನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಸುಮ್ಮನೆ ಏಳುತ್ತಾರೆ. ಇದು ವಾಸ್ತವವಾದಿ ಅಂತ್ಯ, ಇದಕ್ಕೆ ಬಹುಮಾನ ಬರುವ ಸಾಧ್ಯತೆ ಹೆಚ್ಚು. ಹೋಗುವಾಗ ಬಸ್ಸಿನಲ್ಲಿ ಅನ್ನದಾನಮ್ಮನಿಗೆ ಓದಿ ತೋರಿಸಿದೆ.

"ಯಾರು ಈಕಿ?" ಎಂದರು.

"ನೀವೇ ಅಮ್ಮ."

"ನಾನಲ್ಲ. ಈಕಿಗೆ ಬೇರೆ ಹೆಸರು ಇಡು. ಇಲ್ಲಾ ಕುಂದ್ರಾಕ ಕಲಿಸು."

ಎರಡನೆಯ ಥರ: ಕಂಡಕ್ಟರ್ ಬಸ್ಸು ನಿಲ್ಲಿಸಿ, ಪ್ರಯಾಣಿಕರನ್ನೆಲ್ಲ ಕರೆದುಕೊಂಡು ಟಾಕೀಸಿಗೆ ನುಗ್ಗಿ, ಎಲ್ಲರೂ ಕೊನೆ ನೋಡುತ್ತಾರೆ. ಇದಕ್ಕೆ ಕಂಡಕ್ಟರ್ ಸಾಹೇಬರೇ ಒಪ್ಪಲಿಲ್ಲ. "ನೋಡ್ರಿ ಸರ್, ಕಥಿ ಆದ್ರೂ ಡ್ಯೂಟಿ ಡ್ಯೂಟಿನ. ಬಸ್ಸು ಟೈಮಿಗೆ ಸರಿಯಾಗಿ ಬಿಟ್ಟಿತು ಅಂತ ಬರೀರಿ. ನಿಮಗ ಕಥಿ ಹೋದ್ರ ಇನ್ನೊಂದು ಸಿಗತೈತಿ, ನನಗ ನೌಕರಿ ಹೋದ್ರ?"

ಬಸ್ಸು ಟೈಮಿಗೆ ಸರಿಯಾಗಿ ಬಿಟ್ಟಿತು. (ಬರೆದಿದ್ದೇನೆ ಸರ್.)

ಮೂರನೆಯ ಥರದಲ್ಲಿ ಏಜೆಂಟ್ ಭಾರ್ಗವ ಹೆಲಿಕಾಪ್ಟರಿನಲ್ಲಿ ಬಂದು ಅನ್ನದಾನಮ್ಮನನ್ನು ಊರು ಮುಟ್ಟಿಸುತ್ತಾನೆ. ಅದನ್ನು ಇಲ್ಲಿ ಕೊಡುವುದಿಲ್ಲ, ನನಗೂ ಒಂದಿಷ್ಟು ಮರ್ಯಾದೆ ಇದೆ.

6

ಆಗಿದ್ದು ಇಷ್ಟು.

ಎರಡನೇ ಭಾಗದಲ್ಲೂ ತಾರಾ ಒಂದು ಸೇತುವೆಗೆ ಜೋತುಬಿದ್ದಳು. ಬೆನಕಪ್ಪ ಎದ್ದರು. "ಏಳು, ಬಸ್ಸು ಬಿಡತೈತಿ."

"ನೀವು ಹೋಗ್ರಿ."

"ಮೂರನೇ ಭಾಗದಾಗ ತೋರಿಸ್ತಾರ."

"ಅಲ್ಲೀತನಕ ನಾ ಇರ್ತೀನೋ ಇಲ್ಲೋ. ಈಗ ಅದೀನಿ."

ಬೆನಕಪ್ಪ ಒಂದು ಕ್ಷಣ ನಿಂತರು. ಹಿಂದಿನಿಂದ ಯಾರೋ "ಯಜಮಾನ್ರ, ಕುಂದ್ರರಿ, ಇಲ್ಲಾ ಹೋಗ್ರಿ" ಎಂದು ಕೂಗಿದರು. ಅವರು ಹೊರಟೇಬಿಟ್ಟರು. ಅವರ ಹಿಂದೆ ನಾನೂ ಹೊರಟೆ. ನೀವು ಕೇಳಬಹುದು, ಕಥೆ ಅಲ್ಲಿ ಕೂತಿರುವಾಗ ಕಥೆಗಾರ ಯಾಕೆ ಎದ್ದ ಅಂತ. ಅಭ್ಯಾಸ ಸ್ವಾಮಿ. ಸೇತುವೆ ಕಂಡರೆ ನಮ್ಮೂರಿನವರ ಕಾಲು ತಾನಾಗಿ ಏಳುತ್ತದೆ.

ಬೆನಕಪ್ಪ ಟವೆಲ್ ಎಸೆದು ಇಬ್ಬರು ಕೂರುವ ಸೀಟು ಹಿಡಿದರು. ಕಿಟಕಿಯ ಕಡೆ ಟವೆಲ್, ಈ ಕಡೆ ಅವರು. ಯಾರೋ ಬಂದು "ಇಲ್ಲಿ ಯಾರರ ಅದಾರೇನ್ರಿ?" ಎಂದು ಕೇಳಿದರು.

"ಅದಾರ," ಎಂದರು ಬೆನಕಪ್ಪ.

ಬಸ್ಸು ಬಿಟ್ಟಿತು. ಕೊಟ್ಟೂರು ದಾಟುವವರೆಗೆ ಅವರು ಟವೆಲ್ಲನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

"ಮದುವಿ ದಿನ ನಾ ಹೋಗಿ ಮುಟ್ಟಿದಾಗ ಮಂದಿ ಅರ್ಧ ಎದ್ದು ಹೋಗಿದ್ರು ತಮ್ಮಾ. ಆಕಿ ಸೋದರಮಾವ, ಇವನು ಇನ್ನ ಬರಂಗಿಲ್ಲ, ಏಳವಾ ಅಂದಿದ್ದನಂತ. ಆಕಿ ಎದ್ದಿದ್ದಿಲ್ಲ. ಹಸಿಮಣಿ ಮ್ಯಾಲೆ ಹಂಗ ಕುಂತಿದ್ಲು." ಟವೆಲ್ಲಿನ ಮಡಿಕೆ ಸರಿಮಾಡಿ, "ಆಕಿ ಏಳೋ ಪೈಕಿನ ಅಲ್ಲ. ನಾನ ಎಬ್ಬಿಸಿಗೋತ ಬಂದೀನಿ," ಎಂದರು.

ಹೇಳಿದವರೇ ಎದ್ದು, "ಹೋಲ್ಡಾನ್, ಹೋಲ್ಡಾನ್" ಎಂದು ಕೂಗಿದರು. ಬಸ್ಸು ನಿಂತಿತು. ಬೆನಕಪ್ಪ ಇಳಿದು, ಧೋತರದ ಚುಂಗು ಮೇಲೆತ್ತಿ ಕಟ್ಟಿಕೊಂಡು, ಕೊಟ್ಟೂರಿನ ಕಡೆ ಓಡತೊಡಗಿದರು. ಏಜೆಂಟ್ ಭಾರ್ಗವನಷ್ಟು ಚಲೋ ಅಲ್ಲ. ಆದರೂ ನನಗೆ ಗಂಟಲು ಒಣಗಿತು.

ನಾನು ಇಳಿಯಲಿಲ್ಲ. ಟವೆಲ್ ಕಾಯಬೇಕಲ್ಲ.

7

ಹೀಗಾಗಿ ಇಲ್ಲಿಂದ ಮುಂದೆ ಈ ಕಥೆ ನನ್ನದಲ್ಲ, ಮಿರ್ಚಿ ಬಂಡಿಯ ನಾಗೇಂದ್ರಪ್ಪನವರದು. ಮರುದಿನ ಫೋನ್ ಮಾಡಿ ಕೇಳಿದೆ.

"ಬಂದ್ರು ಸರ್, ಮೈಯೆಲ್ಲಾ ಬೆವತು. ಒಳಗ ಹೋಗ್ರಿ ಅಂದೆ. ಬ್ಯಾಡ, ಮತ್ತ ನಾ ಹೋಗಿ ಬಾಜೂಕ ಕುಂತ್ರ ಆಕಿ ಎಬ್ಬಸಾಕ ಬಂದಾರ ಅಂತಾಳ, ಪೂರ್ತಿ ನೋಡ್ಲಿ ಅಂದ್ರು. ನನ್ನ ಬಂಡಿ ಹಂತ್ಯಾಕ ಗ್ವಾಡಿಗೆ ಕಿವಿ ಕೊಟ್ಟು ನಿಂತ್ರು. ಗುಂಡು ಹಾರಿತು. ಎಲ್ಲಾ ಸುಮ್ಮಾತು. ಮಿರ್ಚಿ ಕೊಟ್ಟೆ, ಹಿಡಕೊಂಡ್ರು, ತಿನ್ನಲಿಲ್ಲ. ಆಮ್ಯಾಲೆ ಆ ಹೆಣ್ಮಗಳು ನಕ್ಕಳು."

"ಆಮೇಲೆ?"

"ದಿನಾ ಒಂದ ನಗಿ ಕೇಳ್ತಿತ್ತು ಸರ್. ಅವತ್ತು ಎರಡು ಕೇಳಿದ್ವು. ಎರಡನೇದು ಬಾಳ ಹೊತ್ತು ನಿಲ್ಲಲೇ ಇಲ್ಲ. ಯಜಮಾನ್ರು ನನ್ನ ಕೈ ಹಿಡಕೊಂಡು, ಇದು ಸಿನಿಮಾದ್ದಲ್ಲ, ಇದು ನಮ್ಮಾಕಿದು ಅಂದ್ರು. ಅವರ ಕಣ್ಣಾಗ ನೀರು ಬಂದಿತ್ತು. ನನ್ನ ಮಿರ್ಚಿ ಖಾರ ಇರತಾವ ಖರೆ, ಆದ್ರ ಅವರು ಇನ್ನೂ ಬಾಯಾಗ ಇಟ್ಟಿದ್ದಿಲ್ಲ."

ಮನೆಗೆ ಬಂದಿದ್ದು ಹೇಗೆ ಅಂತ ಮೈಲಪ್ಪನನ್ನು ಕೇಳಿ. ಸಂತೆಯಲ್ಲಿ ಮಾರದೆ ಉಳಿದ ಕುರಿಗಳನ್ನು ಗಾಡಿಯಲ್ಲಿ ಹಾಕಿಕೊಂಡು ಬರುತ್ತಿದ್ದವನು ಇಬ್ಬರನ್ನೂ ಹತ್ತಿಸಿಕೊಂಡಿದ್ದ. ಅನ್ನದಾನಮ್ಮ ಮುಂದೆ, ಬೆನಕಪ್ಪ ಹಿಂದೆ ಕುರಿಗಳ ನಡುವೆ. "ದಾರಿ ತುಂಬಾ ಹಿಂದಿನಿಂದ ಕೇಳಿಗೋತ ಬಂದ್ರು ಸರ್, ಏನಾತು, ತಾರಾಗ ಏನಾತು ಅಂತ. ಈಯಮ್ಮ ಒಂದಕ್ಕೂ ಉತ್ತರ ಕೊಡಲಿಲ್ಲ. ನಗೋದು, ಸುಮ್ಮನಾಗೋದು."

8

ನಾನು ಟವೆಲ್ ವಾಪಸ್ ಕೊಡುವ ನೆಪದಲ್ಲಿ ಹೋಗಿ ಕೂತೆ. ಪಡಸಾಲೆಯಲ್ಲಿ ಆಗಲೇ ಅರ್ಧ ಊರು ಸೇರಿತ್ತು. ಸುಕನ್ಯಾ ಸ್ಪಾಯ್ಲರ್ ಆದರೂ ಪರವಾಗಿಲ್ಲ ಅನ್ನುತ್ತಿದ್ದಳು.

"ಅಮ್ಮಾ, ಹೇಳಿಬಿಡ್ರಿ. ಪತ್ರಿಕೆಯವರು ಕಾಯ್ತಿದಾರೆ. ಕೊನೆ ಇಲ್ಲದೆ ನನ್ನ ಕಥೆ ಮುಗಿಯೋದಿಲ್ಲ."

"ನಿನ್ನ ಕಥಿ ಮುಗಸಾಕ ನನ್ನ ಸಿನಿಮಾ ಯಾಕ ಬೇಕು?" ಎಂದರು ಅನ್ನದಾನಮ್ಮ. ಅವರ ಮುಖದಲ್ಲಿ ಹೊಸ ಗತ್ತು ಬಂದಿತ್ತು. "ಇಷ್ಟು ವರ್ಷ ನಾ ಒಬ್ಬಾಕಿ ತಲಿ ಕೆಡಿಸಿಕೊಂಡೀನಿ. ಈಗ ನೀವೂ ಒಂದೀಟು ಕೆಡಿಸಿಗೋರಿ."

"ತಾರಾ ಬದುಕಿದ್ಲಾ, ಅದನ್ನಾದ್ರೂ..."

"ನೀನು ಅವತ್ತು ಯಾಕ ಎದ್ದಿ ತಮ್ಮಾ? ನಿನ್ನ ಯಾರು ಎಬ್ಬಿಸಿದ್ರು?"

ಅಂಗಡಿಯಿಂದ ಬೆನಕಪ್ಪ ಖುಷಿಯಾಗಿ ಕೂಗಿ ಹೇಳಿದರು: "ಕೇಳಬ್ಯಾಡೋ ಮಾರಾಯ, ನನಗೂ ಹೇಳಿಲ್ಲ ಆಕಿ!"

ಇದೇ ಕೊನೆ ಆಗಬಹುದಿತ್ತು. ಚೆನ್ನಾಗಿಯೇ ಇದೆ. ಆದರೆ ಆಕೆಯ ಪ್ರಶ್ನೆ ನನ್ನನ್ನು ಬಿಡಲಿಲ್ಲ.

9

ಇದನ್ನು ಫೋನಿನಲ್ಲಿ ಬರೆಯುತ್ತಿದ್ದೇನೆ. ಕೊಟ್ಟೂರಿನ ಟಾಕೀಸು, ಮ್ಯಾಟ್ನಿ, ಒಬ್ಬನೇ ಬಂದಿದ್ದೇನೆ. ಪರದೆಯ ಮೇಲೆ ತಾರಾ ಸೇತುವೆಗೆ ಓಡಿಬರುತ್ತಿದ್ದಾಳೆ. ಹೊರಗೆ ಹೊಸಹಳ್ಳಿ ಬಸ್ಸು ಹಾರ್ನ್ ಹೊಡೆಯುತ್ತಿದೆ. ಕಾಲು ಏಳುತ್ತಿದೆ, ಒತ್ತಿ ಹಿಡಿದಿದ್ದೇನೆ.

ನಿಮಗೆ ಹೇಳಬೇಕು ಅಂತಲೇ ಬಂದಿದ್ದೆ, ಆಣೆ. ಮೂರು ಸಾಲು ಜಾಗವನ್ನೂ ಬಿಟ್ಟಿಟ್ಟಿದ್ದೆ. ಆದರೆ ಈಗ, ಆಕೆ ಜಾರಿ ಒಂದು ಕೈಯಲ್ಲಿ ಜೋತುಬಿದ್ದಿರುವಾಗ, ನಿಮ್ಮ ಜೊತೆ ಮಾತಾಡಿಕೊಂಡು ಕೂರುವುದು ನನಗೇ ಸರಿ ಕಾಣುತ್ತಿಲ್ಲ.

ಹಾರ್ನ್ ದೂರವಾಗುತ್ತಿದೆ. ಬಸ್ಸು ಹೋಯಿತು.

ಹಿಂದಿನ ಸಾಲಿನಿಂದ ಒಬ್ಬರು, "ಏ ಸರ್, ಮೊಬೈಲ್ ಬಂದ್ ಮಾಡ್ರಿ, ಕಣ್ಣಿಗೆ ಹೊಡಿಯಾಕತ್ತೈತಿ" ಎನ್ನುತ್ತಿದ್ದಾರೆ.

ಇಗೋ, ಮಾಡಿದೆ