ಇಬ್ಬರಿಗೂ ಬೇಕಾದ ಹೆಣ

ಇಗರ್ಜಿಯ ಬಾಗಿಲಿಗೆ ಒಟ್ಟಿದ್ದ ಮುಳ್ಳುಕಂಟಿಯನ್ನು ದೋಬ್ರಾ ಬರಿಗೈಯಲ್ಲೇ ಎಳೆಯತೊಡಗಿದ್ದಳು. ಪಾದ್ರಿ ಬೆನೆ ಓಡಿಬಂದು ಅವಳ ರಟ್ಟೆ ಹಿಡಿದುಕೊಂಡ.

"ಬೇಡ ಕಣವ್ವ. ಬಿಷಪ್ಪರಿಗೆ ಗೊತ್ತಾದ್ರೆ ನನ್ನ ಈ ನಿಲುವಂಗಿ ಬಿಚ್ಚಿಸ್ತಾರೆ."

"ನನ್ನ ಗಂಡ ಮನೇಲಿ ಊದ್ಕೊಂಡು ಮಲಗಿದಾನೆ ಸ್ವಾಮಿ. ನಿಮಗೆ ನಿಮ್ಮ ಅಂಗಿ ಚಿಂತೆ."

ಬೆನೆ ತಲೆ ತಗ್ಗಿಸಿದ. ಅವಳ ಮದುವೆ ಮಾಡಿಸಿದವನು ಅವನೇ. ಹಿಂದಿನ ದಿನ ದೋಣಿ ಮಗುಚಿ ಸತ್ತ ಅವಳ ಗಂಡ ರಾದೊವಾನನನ್ನು ಅಲೆಗಳು ದಡಕ್ಕೆ ತಂದು ಹಾಕಿದ್ದವು. ಬೇಸಿಗೆಯ ಸೆಕೆಯಲ್ಲಿ ಹೆಣ ಎಷ್ಟು ಹೊತ್ತು ತಡೆದೀತು? ಆದರೆ ಊರಿನಲ್ಲಿ ಗಂಟೆಯಿಲ್ಲ, ಮದುವೆಯಿಲ್ಲ, ಪವಿತ್ರ ಮಣ್ಣಿನಲ್ಲಿ ಹೂಳುವಂತೆಯೂ ಇಲ್ಲ. ಗುಡ್ಡದ ಮೇಲಿನ ಮಠಕ್ಕೆ ರಾಣಿಯ ತಮ್ಮನೇ ಮಠಾಧಿಪತಿಯಾಗಬೇಕೆಂದು ಅರಸ ಹಟ ಹಿಡಿದದ್ದೇ ಇದಕ್ಕೆಲ್ಲ ಮೂಲ. ಆಗದು ಎಂದ ಬಿಷಪ್. ಅರಸ ಬಿಷಪ್ಪನ ಆಪ್ತನೊಬ್ಬನನ್ನು ಸೆರೆಗೆ ಹಾಕಿದ. ಅವನನ್ನು ಬಿಡುವವರೆಗೂ ಅರಸನ ಸೀಮೆಯ ಇಗರ್ಜಿಗಳೆಲ್ಲ ಮುಚ್ಚಿರಲಿ ಎಂದು ಬಿಷಪ್ ಅಪ್ಪಣೆ ಹೊರಡಿಸಿದ. ಕೋಣಗಳೆರಡು ಕಾದಾಡಿದರೆ ಗಿಡಕ್ಕೆ ಸಾವು ಎಂದು ಪಕ್ಕದ ಮನೆಯ ಮುದುಕಿ ಸ್ತೋಯಾ ಅಂದೇ ಹೇಳಿದ್ದಳು.

ಮಧ್ಯಾಹ್ನದ ಹೊತ್ತಿಗೆ ಕೋಟೆಯ ಅಧಿಕಾರಿ ವುಕ್ಮಿರ್ ತಾನಾಗಿಯೇ ದೋಬ್ರಾಳ ಮನೆಗೆ ಬಂದ. ಟೋಪಿ ತೆಗೆದು ಹೊಸ್ತಿಲ ಬಳಿ ನಿಂತು, ಅರಸನಿಗೆ ತುಂಬ ನೋವಾಗಿದೆಯೆಂದ. ಬಡವನ ಹೆಣಕ್ಕೂ ಮಣ್ಣು ಕೊಡದ ಬಿಷಪ್ ಎಂಥ ಬಿಷಪ್ ಎಂದ. ಇವತ್ತೇ ಇಗರ್ಜಿಯ ಅಂಗಳದಲ್ಲಿ ಹೂಳಿಸುವ ಮಾತು ಕೊಟ್ಟ. ದೋಬ್ರಾ ಅವನ ಕೈಗೆ ಮುತ್ತಿಟ್ಟು ಅತ್ತಳು. ಸಿಪಾಯಿಗಳು ರಾದೊವಾನನನ್ನು ಮಲಗಿಸಿದ್ದ ಹಲಗೆಯನ್ನು ಹೆಗಲಿಗೆ ಎತ್ತಿಕೊಂಡರು.

ನೆಟ್ಟಗಿನ ದಾರಿ ಬಿಟ್ಟು ಅವರು ಸಂತೆಬೀದಿ ಹಿಡಿದಾಗ ಅವಳಿಗೆ ಯಾಕೆಂದು ತಿಳಿಯಲಿಲ್ಲ. ಇಗರ್ಜಿ ಮುಟ್ಟುವಷ್ಟರಲ್ಲಿ ಅರ್ಧ ಊರು ಹಿಂದೆ ಬಂದಿತ್ತು. ಗೇಟಿನಲ್ಲಿ ಬಿಷಪ್ಪನ ಪ್ರತಿನಿಧಿ ಶಿಲುಬೆ ಎತ್ತಿ ಹಿಡಿದು ನಿಂತಿದ್ದ. ಅವನ ಹಿಂದೆ ಸನ್ಯಾಸಿಗಳ ಸಾಲು, ಕೊನೆಯಲ್ಲಿ ಬೆನೆ. ಅರಸನ ಬಲದಿಂದ ಇಲ್ಲಿ ಮಣ್ಣಾದವನ ಆತ್ಮಕ್ಕೆ ಸ್ವರ್ಗದ ಬಾಗಿಲು ತೆರೆಯುವುದಿಲ್ಲ ಎಂದು ಪ್ರತಿನಿಧಿ ಗಟ್ಟಿಯಾಗಿ ಸಾರಿದ. ವುಕ್ಮಿರ್ ಅವನ ಕಡೆ ನೋಡಲೇ ಇಲ್ಲ. ಜನರತ್ತ ತಿರುಗಿ, ನೋಡಿದಿರಾ, ಕೇಳಿದಿರಾ ಎನ್ನುತ್ತಿದ್ದ.

ಸಿಪಾಯಿಗಳು ಮುಂದಕ್ಕೆ ನುಗ್ಗಿದರು, ಸನ್ಯಾಸಿಗಳು ಹಲಗೆಯನ್ನು ಹಿಂದಕ್ಕೆ ತಳ್ಳಿದರು. ಹೊದಿಕೆ ಜಾರಿತು. ರಾದೊವಾನನ ಒಂದು ತೋಳು ಹೊರಬಿದ್ದು, ಎಳೆದಾಟಕ್ಕೆ ಸರಿಯಾಗಿ ತೂಗಾಡತೊಡಗಿತು. ಬಲೆಯ ಹಗ್ಗ ಉಜ್ಜಿ ಉಜ್ಜಿ ಜಡ್ಡುಗಟ್ಟಿದ್ದ ಆ ಅಂಗೈಯನ್ನು ಕಂಡದ್ದೇ ದೋಬ್ರಾ ನಡುವೆ ನುಗ್ಗಿ ಆ ಕೈ ಹಿಡಿದುಕೊಂಡಳು.

"ನಿಲ್ಸಿ. ಇವನ ಹೆಸರೇನು?"

ಅವಳು ಮೊದಲು ವುಕ್ಮಿರನತ್ತ, ಆಮೇಲೆ ಪ್ರತಿನಿಧಿಯತ್ತ ತಿರುಗಿದಳು.

"ಹೇಳಿ ಬುದ್ಧಿ, ಹೆಸರೇನು? ನೀವು ಹೇಳಿ ಸ್ವಾಮಿ. ಯಾರು ಹೇಳ್ತೀರೋ ಅವರೇ ತಗೊಂಡು ಹೋಗಿ."

ವುಕ್ಮಿರ್ ಪಕ್ಕದ ಸಿಪಾಯಿಯ ಮುಖ ನೋಡಿದ. ಸಿಪಾಯಿ ನೆಲ ನೋಡಿದ. ಪ್ರತಿನಿಧಿಯ ಶಿಲುಬೆ ಸ್ವಲ್ಪ ಕೆಳಗಿಳಿಯಿತು. ಸಾಲಿನ ಕೊನೆಯಲ್ಲಿ ಬೆನೆಯ ತುಟಿ ಅಲುಗಿದ್ದನ್ನು ದೋಬ್ರಾ ಕಂಡಳು. ಆದರೆ ದನಿ ಬರಲಿಲ್ಲ.

"ಬಾಯಿಲ್ಲದ ಹೆಣ ಸಿಕ್ತು ಅಂತ ನಿಮ್ಮ ಜಗಳಾನೆಲ್ಲ ಅದರ ಮೇಲೆ ಹೇರ್ತೀರಲ್ಲ, ನಿಮಗೆ ಮನೇಲಿ ಯಾರೂ ಸತ್ತಿಲ್ವಾ? ಇಳಿಸಿ ಕೆಳಗೆ."

ಸ್ತೋಯಾಳೇ ಮೊದಲು ಬಂದು ಒಬ್ಬ ಸಿಪಾಯಿಯ ಹೆಗಲಿನ ಕೆಳಗೆ ತನ್ನ ಹೆಗಲು ತೂರಿಸಿ, "ಸರಿಯಪ್ಪ ಆಚೆ" ಎಂದಳು. ಮೀನುಗಾರರ ಹೆಂಗಸರು ಒಬ್ಬೊಬ್ಬರಾಗಿ ಬಂದು ಹಲಗೆ ಹಿಡಿದರು. ಅವರಿಗೆ ಅಡ್ಡ ನಿಲ್ಲುವ ಧೈರ್ಯ ಎರಡೂ ಕಡೆಯವರಿಗೆ ಬರಲಿಲ್ಲ. ಇಳಿಜಾರಿನಲ್ಲಿದ್ದ ದೋಬ್ರಾಳ ತುಂಡು ದ್ರಾಕ್ಷಿತೋಟದ ಅಂಚಿನಲ್ಲಿ ಆ ಹೆಂಗಸರೇ ಗುಂಡಿ ತೋಡಿದರು. ಪ್ರಾರ್ಥನೆ ದೋಬ್ರಾಳಿಗೆ ಅರ್ಧವೇ ಬರುತ್ತಿತ್ತು. ಉಳಿದರ್ಧವನ್ನು ಸ್ತೋಯಾ ತಪ್ಪುತಪ್ಪಾಗಿ ಹೇಳಿ ಮುಗಿಸಿದಳು.

ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಅರಸನಿಗೂ ಬಿಷಪ್ಪನಿಗೂ ರಾಜಿಯಾಯಿತು. ಸೆರೆಯಲ್ಲಿದ್ದವನು ಹೊರಬಂದ, ರಾಣಿಯ ತಮ್ಮನಿಗೆ ಬೇರೊಂದು ಮಠ ಸಿಕ್ಕಿತು. ಜನರೆಲ್ಲರ ಎದುರು ಇಬ್ಬರೂ ಕೆನ್ನೆಗೆ ಕೆನ್ನೆ ತಾಗಿಸಿ ಅಪ್ಪಿಕೊಳ್ಳಲಿರುವ ದಿನ ಬೆಳಿಗ್ಗೆ ಬೆನೆ ತೋಟಕ್ಕೆ ಏದುಸಿರು ಬಿಡುತ್ತ ಹತ್ತಿಬಂದ. ಹಬ್ಬದ ನಿಲುವಂಗಿ ತೊಟ್ಟಿದ್ದ. ಬಿಷಪ್ ಕರುಣೆಯಿಟ್ಟು ರಾದೊವಾನನ ಮೂಳೆಗಳನ್ನು ಇಗರ್ಜಿಯ ಅಂಗಳಕ್ಕೆ ತರಿಸಿ ತಾವೇ ಪೂಜೆ ನಡೆಸುತ್ತಾರಂತೆ, ಗೋರಿಯ ಕಲ್ಲು ಅರಸನ ಲೆಕ್ಕದಲ್ಲಂತೆ.

ದೋಬ್ರಾ ಗೊಂಚಲು ಕೊಯ್ಯುವುದನ್ನು ನಿಲ್ಲಿಸಲಿಲ್ಲ.

"ಮಲಗಿದಾನೆ ಸ್ವಾಮಿ. ಎಬ್ಬಿಸೋದು ಬೇಡ."

ಕೆಳಗೆ ಊರಿನ ಗಂಟೆಗಳೆಲ್ಲ ಒಟ್ಟಿಗೆ ಮೊಳಗತೊಡಗಿದವು. ಬೆನೆ ಅತ್ತ ತಿರುಗಿ ಒಂದು ಗಳಿಗೆ ನಿಂತ. ಆಮೇಲೆ ನಿಲುವಂಗಿಯ ತೋಳುಗಳನ್ನು ಮೊಣಕೈವರೆಗೆ ಮಡಚಿಕೊಂಡು, ಅವಳ ಪಕ್ಕದ ಸಾಲಿಗೆ ಹೋಗಿ, ಬಳ್ಳಿಯ ಬುಡದಲ್ಲಿ ಮೊಣಕಾಲೂರಿ ಕುಳಿತು ಒಂದು ಗೊಂಚಲಿಗೆ ಕೈಹಾಕಿದ.